ಹತ್ತರಲ್ಲಿ ಮೂರು

ಗೆಳತಿಯರೇ, ಇವತ್ತಿನದ್ದನ್ನು ನಿಮಗೆ ಈಗಲೇ ಹೇಳಬೇಕು.

ವರ್ಷಗಟ್ಟಲೆ ಕಿಬ್ಬೊಟ್ಟೆ ನೋವಿರುವ ಹೆಂಗಸರಿಗೆಂದು ಇವತ್ತು ಪುತ್ತೂರಿನಲ್ಲಿ ಮಾಹಿತಿ ಸಭೆ, ತಪಾಸಣೆ ಇತ್ತು. ಮನೆಯಲ್ಲಿ ‘ಸೊಂಟನೋವಿನ ಶಿಬಿರ’ ಎಂದಿದ್ದೆ. ಅದೇ ತಪ್ಪಾಯಿತು. “ನನಗೂ ಸೊಂಟ ಉಂಟಲ್ಲ, ಬರ್ತೇನೆ” ಎಂದು ಅತ್ತೆಯೂ ನಮ್ಮೂರು ಪಂಜದಲ್ಲಿ ಬಸ್ ಹತ್ತಿದರು. ನಾಲ್ಕು ವರ್ಷ ಮುಚ್ಚಿಟ್ಟ ನೋವನ್ನು ಇವರೆದುರು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಅದೇ ಯೋಚನೆ.

ನನ್ನ ಸರದಿ ಬಂದಾಗ ಅತ್ತೆಯೂ ಡಾಕ್ಟರಮ್ಮನ ಕೋಣೆಯೊಳಗೆ ಬಂದರು.

“ನೋವು ಜೋರಾದಾಗ ಹತ್ತರಲ್ಲಿ ಎಷ್ಟು?” ಡಾಕ್ಟರಮ್ಮ ಕೇಳಿದರು.

ಅತ್ತೆಯ ಮುಖ ನೋಡಿ “ಮೂರು” ಎಂದೆ.

“ಎಂತ ಮೂರು ಮಾರಾಯ್ತಿ!” ಅತ್ತೆ ಗದರಿದರು. “ಡಾಕ್ಟ್ರೇ, ಇವಳು ಬಚ್ಚಲಲ್ಲಿ ಮೈ ಒರೆಸುವ ಬೈರಾಸು ಕಚ್ಚಿಕೊಂಡು ಕೂರುದು ನನಗೆ ಗೊತ್ತುಂಟು. ಒಂಬತ್ತು ಬರೀರಿ.”

ಡಾಕ್ಟರಮ್ಮ ಅತ್ತೆಯ ಕಡೆ ತಿರುಗಿದರು. “ನಿಮಗೂ ನೋವುಂಟಾ ಅಮ್ಮಾ?”

“ಉಂಟು. ಇವಳ ಗಂಡ ಹುಟ್ಟಿದಾಗಿನಿಂದ.”

“ಹತ್ತರಲ್ಲಿ ಎಷ್ಟು?”

ಅತ್ತೆ ಸೆರಗು ಸರಿಮಾಡಿಕೊಂಡರು. “ಮೂರು.”

ಮನೆಗೆ ಬಂದ ಕೂಡಲೇ ಅತ್ತೆಯ ಸ್ನಾನ ಆಗಿದೆ. ಈಗ ಮತ್ತೆ ಬೈರಾಸು ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ. ಹೊರಗೆ ನಿಂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಒಂದು ಸದ್ದೂ ಇಲ್ಲ.

ಮೂರೇ ಇರಬೇಕು.