ಹಾಲು ಉಕ್ಕಿದ ಬೆಳಗು

ಒದ್ದೆ ವಿಭೂತಿಯ ವಾಸನೆ ಬಂದರೆ ಸಾಕು, ಈಗ ಇಲ್ಲದ ಆ ಮೂಡಲಗಿಯ ಮನೆಯ ಅಡುಗೆಮನೆಗೆ ನಾನು ಹೋಗಿಬಿಡುತ್ತೇನೆ. ಮಣ್ಣಿನ ಗೋಡೆ, ಮೂಲೆಯಲ್ಲಿ ಒಲೆ, ಅದರ ಪಕ್ಕದಲ್ಲೇ ಮಣೆಯ ಮೇಲೆ ಪೂಜೆಗೆ ಕೂತ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಎಡಗೈಯಲ್ಲಿ ಲಿಂಗ, ಅದರ ಮೇಲೆ ನಾಲ್ಕು ಎಸಳು ಪತ್ರಿ. ನಿಮ್ಮ ಮನೆಯಲ್ಲೂ ಅಂಥದೊಂದು ಮೂಲೆ ಇದ್ದಿರಬೇಕು, ಈಗ ಇರಲಿಕ್ಕಿಲ್ಲ.

ಒಂದು ವರ್ಷ ಅಪ್ಪ ನನ್ನ ಓದಿನ ಬಗ್ಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ಗೋಕಾಕದ ಸಾಲ್ಯಾಗ ಬಾಯಾರು ಕೇಳಿದ್ದಕ್ಕ ಉತ್ತರ ಕೊಟ್ಟರ ಓದಲಿ. ಇಲ್ಲಾಂದ್ರ ಹುಕ್ಕೇರಿ ಕಡಿ ವರ ನೋಡತೇನಿ." ಬಾಯಾರು, ಅಂದರೆ ಅಲ್ಲಿನ ಶಿಕ್ಷಕಿ, ಕೇಳುವುದು ಇಂಗ್ಲಿಷಿನಲ್ಲಿ; ಅದನ್ನು ಕಲಿಸುವ ಹೊಣೆ ಅಪ್ಪನ ತಮ್ಮ ಕಾಕಾನ ಮೇಲೆ ಬಿತ್ತು. ಎಲ್ಲ ಪದಗಳೂ ಬಾಯಿಗೆ ಬಂದವು, 'ಎನ್‌ಗ್ರಾಸ್' (engross) ಎಂಬುದೊಂದು ಮಾತ್ರ ಬಗ್ಗಲಿಲ್ಲ. ಎಲ್ಲವನ್ನೂ ತನ್ನೊಳಗೆ ಎಳೆದುಕೊಳ್ಳುವುದು ಎಂದು ಕಾಕಾ ಹೇಳಿದ್ದನ್ನು ಕೇಳಿ, ಬೆಕ್ಕು ಇಲಿಯನ್ನು ಎನ್‌ಗ್ರಾಸ್ ಮಾಡಿತು ಎಂದು ನಾನು ಧೈರ್ಯವಾಗಿ ವಾಕ್ಯ ಕಟ್ಟಿದೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲಿ ಅಲ್ಲ ತಂಗಿ, ಇದು ಲಕ್ಷ್ಯ ನುಂಗತೈತಿ."

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದೆ. ಒಳಗಿನಿಂದ ಸುಟ್ಟ ವಾಸನೆ ಬಂತು. ಕಾಕಾ ಬಾಗಿಲಿಗೆ ಓಡಿ, "ಅವ್ವಾ, ಹಾಲ ಉಕ್ಕಾಕತ್ತೈತಿ!" ಎಂದು ಕೂಗಿದ. ಹಾಲು ಒಲೆಗೆಲ್ಲ ಸುರಿಯುತ್ತಿತ್ತು. ಕೈಯಳತೆಯಲ್ಲಿದ್ದ ಆಯಿ ಕಣ್ಣೆತ್ತಲಿಲ್ಲ, ನೋಟ ಅಂಗೈಯಲ್ಲೇ ನೆಟ್ಟಿತ್ತು. ಕಾಕಾ ಪಾತ್ರೆ ಇಳಿಸಿ, ಹಿಂದೆಯೇ ಓಡಿಬಂದಿದ್ದ ನನ್ನ ಕಿವಿಯಲ್ಲಿ, "ನೋಡ, ಇದ ನಿನ್ನ ಎನ್‌ಗ್ರಾಸ್," ಎಂದ. ಒಂದೇ ಕ್ಷಣಕ್ಕೆ ತಿಳಿದುಹೋಯಿತು.

ಗೋಕಾಕದಲ್ಲಿ ಬಾಯಾರು ಕೇಳಿದ್ದೂ ಅದೇ ಪದ! ಅಂಗೈಯ ಲಿಂಗ ನಮ್ಮ ಆಯಿಯನ್ನು ಎನ್‌ಗ್ರಾಸ್ ಮಾಡಿತ್ತು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬಾಯಾರು ಮೆಚ್ಚಿ ಹೆಸರು ಬರೆದುಕೊಂಡರು. ವಾಪಸು ಬರುವಾಗ ಚಕ್ಕಡಿಯಲ್ಲಿ ಅಪ್ಪ ವರನ ಸುದ್ದಿ ಎತ್ತಲೇ ಇಲ್ಲ.

ನಾನೂ ಶಿಕ್ಷಕಿಯಾದ ಮೇಲೆ ಒಂದು ರಜೆಯಲ್ಲಿ ಆಯಿಗೆ ಈ ಕಥೆ ಹೇಳಿದೆ. ಅವಳ ಕಣ್ಣು ಆಗಲೇ ಮಂಜಾಗಿತ್ತು. ಬೊಚ್ಚುಬಾಯಿ ತುಂಬ ನಕ್ಕಳು.

"ಖರೆ ಹೇಳಲೇನ ಅವ್ವಿ? ಅವತ್ತ ಲಿಂಗದ ಮ್ಯಾಲ ಲಕ್ಷ್ಯ ಎಲ್ಲಿತ್ತ? ನೀ ಹೊರಗ ಓದಾಕತ್ತಿದ್ದಿ. ನನಗ ಒಂದ ಅಕ್ಷರಾನೂ ತಿಳೀಲಿಲ್ಲ. ನೀ ಎಲ್ಲಿ ತಡದ ನಿಂದರತಿ, ಎಲ್ಲಿ ನಿನ್ನ ಸಾಲಿ ತಪ್ಪತೈತಿ ಅಂತ ಜೀವಾ ಕಿವ್ಯಾಗ ಹಿಡಕೊಂಡ ಕುಂತಿದ್ದೆ. ಹಾಲ ಉಕ್ಕಿದ್ದ ಗೊತ್ತಾಗಲಿಲ್ಲ."

ಅವಳ ಕೈ ಹಿಡಿದುಕೊಂಡೆ.

ಈಗ ಆಯಿ ಇಲ್ಲ, ಕಾಕಾ ಇಲ್ಲ, ಆ ಒಲೆಯೂ ಇಲ್ಲ. ಆದರೆ ತರಗತಿಯಲ್ಲಿ ಆ ಪದ ಬಂದಾಗಲೆಲ್ಲ ನಾನು ಹಳೆಯ ವಾಕ್ಯ ಬಿಟ್ಟು ಇನ್ನೊಂದನ್ನು ಹೇಳುತ್ತಾ ಬಂದಿದ್ದೇನೆ: ಮೊಮ್ಮಗಳ ಓದು ನಮ್ಮ ಆಯಿಯನ್ನು ಎನ್‌ಗ್ರಾಸ್ ಮಾಡಿತ್ತು.