ಬೆಳೆಯುವ ಹಾರ್ಮೋನು, ಅಜ್ಜಿಯ ಪ್ರಸಾದ

ಹದಿಮೂರಕ್ಕೇ ನಾನು ಎತ್ತರವಾಗುವುದನ್ನು ನಿಲ್ಲಿಸಿ ಅಗಲವಾಗತೊಡಗಿದೆ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ಇದಕ್ಕೆ ತಲೆ ಕೆಡಿಸಿಕೊಂಡವಳು ಅಮ್ಮ ಒಬ್ಬಳೇ. ಅಪ್ಪ ಅಷ್ಟರಲ್ಲಿ ಹೋಗಿಬಿಟ್ಟಿದ್ದರು, ನಲವತ್ತರ ಆಸುಪಾಸಿನಲ್ಲೇ ಹಾರ್ಟ್ ಅಟ್ಯಾಕ್. ಅವರೂ ಶಾಲೆಯ ದಿನಗಳಿಂದಲೇ ದಪ್ಪ. ಮನೆಗೆ ಬಂದವರು ನನ್ನನ್ನು ಅಪ್ಪನ ಪಡಿಯಚ್ಚು ಅಂದರೆ ಸಾಕು, ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅಪ್ಪನ ಹೃದಯವೂ ನನಗೆ ಬಂದಿದೆಯೇನೋ ಎಂಬ ಭಯ ಅವಳಿಗೆ.

ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಆ ಭಯವಿರಲಿಲ್ಲ. ದಾವಣಗೆರೆ ಕಡೆಯವರು. "ಉಣ್ಣೋ ವಯಸ್ಸು, ಉಣ್ಲಿ ಬಿಡವ್ವ. ಮೈಕೈ ತುಂಬ್ಕೊಂಡಿದ್ರೇ ಚೆಂದ," ಅನ್ನುತ್ತಿದ್ದರು. ನನಗೂ ಅದೇ ಬೇಕಿತ್ತು.

ಕೊನೆಗೆ ಅಮ್ಮ ಆಫೀಸಿಗೆ ರಜೆ ಹಾಕಿ ವಿಜಯನಗರದ ಹಾರ್ಮೋನ್ ಡಾಕ್ಟರ ಹತ್ತಿರ ನನ್ನನ್ನು ಎಳೆದುಕೊಂಡು ಹೋದಳು. ಮುಖ ಊದಿಸಿಕೊಂಡು ಕೂತೆ, ಅದಕ್ಕೆ ಹೆಚ್ಚು ಶ್ರಮವೇನೂ ಬೇಕಿರಲಿಲ್ಲ.

"ದಪ್ಪ ಇರೋ ಮಕ್ಕಳು ಸಾಮಾನ್ಯವಾಗಿ ಬೇಗ ಎತ್ತರ ಆಗ್ತಾರೆ. ಇವಳು ಯಾಕೆ ನಿಂತುಬಿಟ್ಟಳು? ಗ್ರೋತ್ ಹಾರ್ಮೋನ್ ನೋಡೋಣ," ಅಂದರು, ಅಪ್ಪನ ಹಾರ್ಟ್ ಅಟ್ಯಾಕಿನ ವಿಷಯವನ್ನೂ ಅಮ್ಮನಿಂದ ಕೇಳಿಕೊಂಡ ಡಾಕ್ಟರ್.

"ಉದ್ದ ಆಗೋ ಹಾರ್ಮೋನಿಗೂ ಹಾರ್ಟಿಗೂ ಏನು ಮೇಡಂ ಸಂಬಂಧ?" ಅಂತ ಕೇಳಿದೆ. ಬೈಯುತ್ತಾರೆ ಅಂದುಕೊಂಡರೆ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅದು ಮೂಳೆ ಬೆಳೆಸುವುದಷ್ಟೇ ಅಲ್ಲ, ಹೊಟ್ಟೆಯ ಕೊಬ್ಬು ಕರಗಿಸುವುದಕ್ಕೂ ದುಡಿಯುತ್ತದಂತೆ. ಕೊಬ್ಬು ಹೆಚ್ಚಾದರೆ ಹಾರ್ಮೋನು ಇಳಿಯುತ್ತದೆ, ಹಾರ್ಮೋನು ಇಳಿದರೆ ಕೊಬ್ಬು ಇನ್ನಷ್ಟು ಕೂರುತ್ತದೆ, ಏಟು ಬೀಳುವುದು ಹೃದಯದ ರಕ್ತನಾಳಕ್ಕೆ. ಹಾಗಾದರೆ ಯಾವುದು ಮೊದಲು ಅಂದೆ. "ಎಷ್ಟೋ ಸಲ ನಮಗೂ ಗೊತ್ತಾಗಲ್ಲ ಕಣಮ್ಮ," ಅಂದರು. ಗೊತ್ತಿಲ್ಲ ಎಂದು ಒಪ್ಪಿಕೊಂಡ ದೊಡ್ಡವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಈಗ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿರುವುದಕ್ಕೆ ಆ ಮಾತೇ ಕಾರಣ.

ಇಂಜೆಕ್ಷನ್ ಕೊಟ್ಟುಬಿಡಿ ಅಂದಳು ಅಮ್ಮ. ಸುಮ್ಮಸುಮ್ಮನೆ ಕೊಟ್ಟರೆ ಶುಗರ್ ಏರಬಹುದು, ಮೊದಲು ಟೆಸ್ಟ್ ಆಗಲಿ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರು ಡಾಕ್ಟರ್.

ಟೆಸ್ಟಿನ ದಿನ ಸೂಜಿ ಹಾಕುವ ಮೊದಲು ಸಿಸ್ಟರ್ "ಏನಾದ್ರೂ ತಿಂದ್ಯಾ?" ಅಂದರು. ಇಲ್ಲ ಅಂದೆ. ಸುಳ್ಳಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಲಿಂಗಪೂಜೆ ಮುಗಿಯುವವರೆಗೆ ಯಾರೂ ತಿಂಡಿ ಮುಟ್ಟುವಂತಿಲ್ಲ, ಮುಗಿದ ಮೇಲೆ ಪ್ರಸಾದ ತೆಗೆದುಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ಅದನ್ನು ಯಾರೂ ತಿಂಡಿ ಅಂದುಕೊಳ್ಳುವುದಿಲ್ಲ. ಆದರೂ ಯಾಕೋ ಅನುಮಾನ ಬಂತು.

"ಸಿಸ್ಟರ್, ಪ್ರಸಾದ ಲೆಕ್ಕಕ್ಕೆ ಬರುತ್ತಾ?"

"ಏನು ಪ್ರಸಾದ?"

"ಬಾಳೆಹಣ್ಣು, ಸಕ್ಕರೆ, ಒಂದು ಲೋಟ ಹಾಲು."

ಸಿಸ್ಟರ್ ಸೂಜಿಯನ್ನು ವಾಪಸ್ ಟ್ರೇಗೆ ಇಟ್ಟರು.

ರಕ್ತದಲ್ಲಿ ಸಕ್ಕರೆ ಏರಿದರೆ ಆ ಹಾರ್ಮೋನು ತೆಪ್ಪಗಾಗಿಬಿಡುತ್ತದೆ, ಟೆಸ್ಟ್ ಮಾಡಿದ್ದರೆ ಇಲ್ಲದ ಕಾಯಿಲೆ ಕಾಣುತ್ತಿತ್ತು ಅಂದರು ಡಾಕ್ಟರ್. ಒಂದು ಬಾಳೆಹಣ್ಣಿಗೆ ಇಷ್ಟು ತಾಕತ್ತೇ ಅಂತ ನನಗೆ ಬೆರಗು. ಅಮ್ಮನಿಗೆ ಪಿತ್ತ ನೆತ್ತಿಗೇರಿತ್ತು.

"ಖಾಲಿ ಹೊಟ್ಟೆ ಅಂತ ಅಷ್ಟು ಬಡ್ಕೊಂಡೆ ಅತ್ತೆ," ಅಂದಳು ಮನೆಗೆ ಬಂದವಳೇ.

"ದೇವರ ಪ್ರಸಾದ ಹೊಟ್ಟೆ ತುಂಬ್ಸಕ್ಕೆ ಕೊಡ್ತಾರೇನವ್ವ?"

"ಅದು ದೇವರಿಗೆ ಗೊತ್ತು, ಮೆಷಿನ್ನಿಗೆ ಗೊತ್ತಾಗಲ್ಲ." ಅಷ್ಟು ಹೇಳಿ ಅಮ್ಮ ಅತ್ತೇಬಿಟ್ಟಳು. "ಅವರನ್ನ ಕಳ್ಕೊಂಡಿದ್ದು ಸಾಲದಾ? ಇವಳಿಗೂ ಹಾಗೇ ಆದ್ರೆ ನಾನೇನು ಮಾಡ್ಲಿ?"

ಪ್ರಸಾದವನ್ನು ಟೆಸ್ಟ್ ಆದ ಮೇಲೇ ಕೊಡುವುದಕ್ಕೆ ಅಜ್ಜಿ ಒಪ್ಪಿದರು. ಮುಂದಿನ ವಾರ ಟೆಸ್ಟ್ ಸರಿಯಾಗಿ ಆಯಿತು. ರಿಪೋರ್ಟ್ ಬಂದ ದಿನ ಕರೆಯದಿದ್ದರೂ ಅಜ್ಜಿ ಆಟೋ ಹತ್ತಿ ಕೂತರು. ಹಾರ್ಮೋನು ಸ್ವಲ್ಪ ಕಮ್ಮಿ, ಕೊಲೆಸ್ಟ್ರಾಲ್ ಜಾಸ್ತಿ, ಹೃದಯಕ್ಕೆ ಸದ್ಯ ಏನೂ ಆಗಿಲ್ಲ, ತೂಕ ಇಳಿದರೆ ಹಾರ್ಮೋನು ತಾನೇ ಏರಬಹುದು ಎಂದರು ಡಾಕ್ಟರ್. ಅಮ್ಮನಿಗೆ ಹೋದ ಜೀವ ಬಂದಂತಾಯಿತು. ನಾವಿಬ್ಬರೂ ಎದ್ದೆವು, ಅಜ್ಜಿ ಏಳಲಿಲ್ಲ.

"ಡಾಕ್ಟ್ರೇ, ನನ್ನ ಮಗನೂ ಈ ವಯಸ್ಸಿಗೆ ಹಿಂಗೇ ಇದ್ದ. ಚೆನ್ನಾಗಿ ಉಣ್ತಾನೆ ಅಂತ ಬೇಡ ಅಂದ್ರೂ ಇನ್ನೊಂದು ರೊಟ್ಟಿ ಹಾಕ್ತಿದ್ದೆ. ಆಗಲೇ ಕರ್ಕೊಂಡು ಬಂದಿದ್ರೆ ಉಳೀತಿದ್ನಾ?"

ಅಮ್ಮ ಮತ್ತೆ ಕೂತು ಅಜ್ಜಿಯ ಕೈ ಹಿಡಿದುಕೊಂಡಳು.

"ರೊಟ್ಟಿ ನಾನೂ ಹಾಕ್ತಿದ್ದೆ ಅತ್ತೆ," ಅಂದಳು.