ಬೆನ್ನಿಗೆ ಹತ್ತಿದ ಮಣ್ಣು

ಹೋದ ವಾರ ನಾನು ಸತ್ತದ್ದನ್ನು ನಾನೇ ಕಣ್ಣಾರೆ ನೋಡಿ ಬಂದೆ.

ಕಲ್ಯಾಣದುರ್ಗದ ಟೂರಿಂಗ್ ಟಾಕೀಸಿನಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಹುರಿದ ಕಡಲೆಕಾಯಿ ತಿನ್ನುತ್ತಾ ನೋಡಿದೆ. ಪರದೆಯ ಮೇಲೆ ಒಬ್ಬ ಸೈನಿಕ ಕತ್ತಿ ಎತ್ತಿಕೊಂಡು ಓಡಿ ಬಂದ. ರಾಜಕುಮಾರ ಒಂದೇ ಏಟು ಹಾಕಿದ. ಸೈನಿಕ ಎದೆ ಹಿಡಿದುಕೊಂಡು ಉರುಳಿದ. ಆ ಸೈನಿಕ ನಾನೇ. ತಗಡಿನ ಟೋಪಿ ಮೂಗಿನ ತನಕ ಇಳಿದಿತ್ತು. ಹಾಗಾಗಿ ಪಕ್ಕದಲ್ಲಿ ಕೂತವರಿಗೂ ಗುರುತು ಸಿಗಲಿಲ್ಲ.

(ಊರಿಗೆ ಬಂದು ಹೆಂಡತಿಗೆ ಹೇಳಿದೆ. "ಸಾಯಾಕೆ ಅಷ್ಟು ದೂರ ಮದರಾಸಿಗೆ ಹೋಗ್ಬೇಕಿತ್ತಾ?" ಅಂದಳು.)

ಆದರೆ ನಾನು ಬಸ್ಸು ಹತ್ತಿ, ಮಡಕಶಿರಾ, ಪಾವಗಡ ದಾಟಿ, ಸೊಂಟ ನೋಯಿಸಿಕೊಂಡು ಅಲ್ಲಿಗೆ ಹೋದದ್ದು ನನ್ನ ಸಾವು ನೋಡುವುದಕ್ಕಲ್ಲ. ಬದುಕಿರುವ ಒಬ್ಬ ಸ್ನೇಹಿತನ ಮಾನ ಉಳಿಯುತ್ತದೋ ಇಲ್ಲವೋ ನೋಡುವುದಕ್ಕೆ. ಅವನ ಹೆಸರು ತಿಪ್ಪೇಸ್ವಾಮಿ. ನಮಗೆ ತಿಪ್ಪ.

ತಿಪ್ಪ ಕಲ್ಯಾಣದುರ್ಗದವನು. ಹರೆಯದಲ್ಲಿ ಕಡಲೆಕಾಯಿ ಗಾಡಿ ಹೊಡೆದುಕೊಂಡು ನಮ್ಮ ಹಿಂದೂಪುರದ ರೈಲ್ವೆ ಗೂಡ್ಸ್ ಶೆಡ್ಡಿಗೆ ಬರುತ್ತಿದ್ದ. ಮೂಟೆ ಇಳಿಸಿ, ಎತ್ತಿಗೆ ನೀರು ತೋರಿಸಿ, ಮಿಕ್ಕವರೆಲ್ಲ ಹೋಟೆಲಿನ ಕಡೆ ಹೋದರೆ ಇವನು ನಮ್ಮ ಗರಡಿಮನೆ ಹುಡುಕಿಕೊಂಡು ಬಂದ. ಬಾಗಿಲಲ್ಲೇ ನಿಂತು ಒಂದು ಚಿಟಿಕೆ ಮಣ್ಣು ಹಣೆಗೆ ಇಟ್ಟುಕೊಂಡು, "ಪರ ಊರಿನೋನು ಕಣಣ್ಣ. ಮಣ್ಣಿಗೆ ಇಳೀಬಹುದಾ?" ಅಂದ.

ನಮ್ಮ ಕಡೆಯಿಂದ ಎದ್ದು ನಿಂತವನು ನಂಜ. ಬೆಲ್ಲದ ಮಂಡಿಯವರ ಮಗ. ಬೆಲ್ಲ ತಿಂದು ಬೆಳೆದ ಮೈ. ಸಾಯಂಕಾಲ ಶುರುವಾದ ಕುಸ್ತಿ ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಇಬ್ಬರೂ ಬೀಳಲಿಲ್ಲ. ಕೊನೆಗೆ ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ತಲೆ ಇಟ್ಟು ನಗುತ್ತಾ ನಿಂತುಬಿಟ್ಟರು. ಅವತ್ತಿನಿಂದ ತಿಪ್ಪನ ಗಾಡಿ ಊರಿಗೆ ಬಂತೆಂದರೆ ನಂಜನ ಅಮ್ಮ ಒಂದು ಮುದ್ದೆ ಜಾಸ್ತಿ ಕಟ್ಟುತ್ತಿದ್ದರು. ಒಂದಲ್ಲ, ಮೂರು.

ನಾನೋ? ನಾನು ಕಡ್ಡಿ ಪೈಲ್ವಾನ್. ಕುಸ್ತಿಗೆ ಮೈ ಸಾಲದು ಅಂತ ನನಗೆ ದೊಣ್ಣೆವರಸೆ ಕಲಿಸಿದ್ದರು. ದೊಣ್ಣೆಯಾದರೂ ದಪ್ಪ ಕಾಣಲಿ ಅಂತ ಇರಬೇಕು.

ಗರಡಿಯಲ್ಲಿ ಒಂದು ಪದ್ಧತಿ ಇದೆ. ಅದು ಗೊತ್ತಿಲ್ಲದಿದ್ದರೆ ಮುಂದಿನ ಕಥೆ ರುಚಿಸುವುದಿಲ್ಲ. ಕೆಡವಿದವನು ತೊಡೆ ತಟ್ಟಿ ಮೆರೆಯುವ ಹಾಗಿಲ್ಲ. ಮೊದಲು ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಬೇಕು. ಅವನ ಬೆನ್ನಿಗೆ ಹತ್ತಿದ ಮಣ್ಣನ್ನು ತನ್ನ ಅಂಗೈಯಿಂದ ಕುತ್ತಿಗೆಯಿಂದ ಸೊಂಟದ ತನಕ ಒರೆಸಬೇಕು. ಆಮೇಲೆ ಆ ಅಂಗೈಯನ್ನು ತನ್ನ ಹಣೆಗೆ ಮುಟ್ಟಿಸಿಕೊಳ್ಳಬೇಕು. ಅಲ್ಲಿಗೆ ಕುಸ್ತಿ ಮುಗಿದ ಲೆಕ್ಕ, ಬಿದ್ದವನಿಗೂ ಅವಮಾನ ಉಳಿಯುವುದಿಲ್ಲ. ಒರೆಸದೆ ಹೋದವನನ್ನು ಗೆದ್ದ ಅಂತ ಯಾರೂ ಒಪ್ಪುವುದಿಲ್ಲ.

(ಮೊನ್ನೆ ಎಲೆಕ್ಷನ್ ಮುಗಿಯಿತಲ್ಲ. ಗೆದ್ದವರ ಮೆರವಣಿಗೆ ನೋಡಿದೆ, ಬ್ಯಾಂಡ್ ಕೇಳಿದೆ. ಸೋತವರ ಮನೆ ಬಾಗಿಲಿಗೆ ಒಬ್ಬರಾದರೂ ಹೋದರಾ? ನನಗಂತೂ ಕಾಣಲಿಲ್ಲ.)

ಸರಿ, ಸಿನಿಮಾಕ್ಕೆ ಬರೋಣ. ಎರಡನೇ ಮಹಾಯುದ್ಧದ ಕಾಲ. ಮದರಾಸಿನ ಒಂದು ಕಂಪನಿಯ ಏಜೆಂಟ್ ಪೈಲ್ವಾನರನ್ನು ಹುಡುಕಿಕೊಂಡು ಹಿಂದೂಪುರದಲ್ಲಿ ಇಳಿದ. ತೆಲುಗು ಪಿಕ್ಚರ್, ರಾಜಕುಮಾರನ ಕಥೆ. ಹೀರೋ ಚೆನ್ನಾಗಿ ಹಾಡುತ್ತಾನೆ, ಆದರೆ ಫೈಟಿಂಗ್ ಬರುವುದಿಲ್ಲ. ಹಿಂದಿನಿಂದ ನೋಡಿದರೆ ಹೀರೋನ ಹಾಗೆ ಕಾಣುವ ಒಬ್ಬ ಬೇಕು. ರಾಕ್ಷಸನ ಹಾಗಿರುವ ಇನ್ನೊಬ್ಬ ಬೇಕು. ನಂಜನ ಬೆನ್ನು ಸೆಲೆಕ್ಟ್ ಆಯಿತು. ತಿಪ್ಪನ ಮೀಸೆ ಸೆಲೆಕ್ಟ್ ಆಯಿತು. "ಇವ್ನೂ ಬರ್ಲಿ, ನಮ್ ಜೊತೆಗಾರ" ಅಂತ ಇಬ್ಬರೂ ಹಟ ಹಿಡಿದದ್ದಕ್ಕೆ ನಾನೂ ರೈಲು ಹತ್ತಿದೆ. ಏಜೆಂಟ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಯೋಕೆ ಬರುತ್ತಾ?" ಅಂತ ಕೇಳಿದ.

ಸ್ಟುಡಿಯೊದಲ್ಲಿ ನಾನು ಮೊದಲ ದಿನವೇ ಸತ್ತು ಫ್ರೀ ಆದೆ. ಕಷ್ಟ ಬಂದದ್ದು ತಿಪ್ಪನಿಗೆ.

ರಾಜಕುಮಾರ ಪೈಲ್ವಾನನನ್ನು ಎತ್ತಿ ಅಂಗಾತ ಕೆಡವಬೇಕು. ಬೆನ್ನು ಪೂರ್ತಿ ನೆಲಕ್ಕೆ ತಾಗಬೇಕು. ಅಷ್ಟೇ ಸೀನು. ನಂಜ ಎತ್ತಿದ, ಒಗೆದ. ತಿಪ್ಪ ಗಾಳಿಯಲ್ಲೇ ತಿರುಗಿ ಹೊಟ್ಟೆಯ ಮೇಲೆ ಬಿದ್ದ. ಮತ್ತೆ ಎತ್ತಿದ, ಮತ್ತೆ ತಿರುಗಿದ. ಡೈರೆಕ್ಟರ್ ತಮಿಳಿನಲ್ಲಿ ಒಂದಿಷ್ಟು, ಇಂಗ್ಲಿಷಿನಲ್ಲಿ ಒಂದಿಷ್ಟು ಬೈದರು. ಆಗ ಫಿಲಂಗೆ ಸರ್ಕಾರದ ಕಂಟ್ರೋಲ್, ಒಂದೊಂದು ಅಡಿಗೂ ಪರದಾಟ. ಅವರ ಸಿಟ್ಟಿನಲ್ಲಿ ತಪ್ಪೇನಿತ್ತು?

"ಏನ್ಲಾ ತಿಪ್ಪ, ಬೇಕೂಂತ ಮಾಡ್ತಿದ್ದೀಯಾ?" ಅಂತ ನಾನು ಕೇಳಿದೆ.

"ನಾ ಬೀಳ್ಬೇಕು ಅಂತ್ಲೇ ಹೋಯ್ತೀನಿ ಕಣಪ್ಪ. ಮೈ ಕೇಳಾಕಿಲ್ಲ ಅಂತೈತೆ" ಅಂದ. ಮುಖ ಅಳುವ ಹಾಗಾಗಿತ್ತು. ಅವನು ಹುಟ್ಟಿದಾಗಿನಿಂದ ಅವನ ಬೆನ್ನಿಗೆ ಯಾವ ಗರಡಿಯ ಮಣ್ಣೂ ಹತ್ತಿರಲಿಲ್ಲ.

ಆಗ ನಂಜ ಅವನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಹಾಕಿದ. "ಬೀಳ್ಲಾ. ನಾ ಇದ್ದೀನಲ್ಲ, ಎಬ್ಬಿಸ್ತೀನಿ."

ಅಷ್ಟೇ ಹೇಳಿದ್ದು. ಕ್ಯಾಮೆರಾ ತಿರುಗಿತು. ನಂಜ ಎತ್ತಿದ, ಒಗೆದ. ತಿಪ್ಪ ಕಣ್ಣು ಮುಚ್ಚಿಕೊಂಡು ಅಂಗಾತ ಬಿದ್ದ. ಡೈರೆಕ್ಟರ್ ಕುರ್ಚಿಯಿಂದ ಎದ್ದೇ ಬಿಟ್ಟರು. ಅಷ್ಟರಲ್ಲಿ ನಮ್ಮ ನಂಜ ಮಾಡಿದ್ದೇನು? ಶೂಟಿಂಗು, ಮದರಾಸು ಎಲ್ಲ ಮರೆತು ಬಗ್ಗಿದ. ಕೈ ಕೊಟ್ಟು ತಿಪ್ಪನನ್ನು ಎಬ್ಬಿಸಿದ. ಬೆನ್ನು ಒರೆಸಿದ. ಅಂಗೈ ಹಣೆಗೆ ಮುಟ್ಟಿಸಿಕೊಂಡ. ರಾಕ್ಷಸನ ಬೆನ್ನು ಒರೆಸುವ ರಾಜಕುಮಾರ! ಡೈರೆಕ್ಟರ್ ತಲೆ ಮೇಲೆ ಕೈ ಹೊತ್ತು ಕೂತರು. "ಆ ತುಂಡು ಕತ್ತರಿಸಿ ಹಾಕ್ತೀವಿ, ನಡೀರಿ" ಅಂದರು. ನಾವೂ ಅದನ್ನು ಅಲ್ಲಿಗೆ ಮರೆತೆವು.

ಹೊರಡುವ ದಿನ ಹೀರೋ ತಾನೇ ನಮ್ಮ ರೂಮಿಗೆ ಬಂದ. ಒಳ್ಳೆಯವನು. ಶೂಟಿಂಗ್ ನಡೆದಷ್ಟು ದಿನವೂ ತನ್ನ ಮನೆಯ ಟಿಫಿನ್ ಕ್ಯಾರಿಯರ್ ನಮ್ಮ ಮುಂದೆ ಬಿಚ್ಚಿ, "ತಿನಂಡಿ" ಅಂತ ಬಡಿಸುತ್ತಿದ್ದ. ಅವತ್ತು ಕೈ ಮುಗಿದ. ಫೈಟ್ ಮಾಡಿದ್ದು ತಾನಲ್ಲ ಅಂತ ಹೊರಗೆ ಹೇಳಬೇಡಿ, ಹೇಳಿದರೆ ತನ್ನ ಹೆಸರು ಹೋಗುತ್ತೆ ಅಂದ. ತಿಪ್ಪ, ನಂಜ ಇಬ್ಬರೂ ನೆಲ ಮುಟ್ಟಿ ಮಾತು ಕೊಟ್ಟರು.

(ಹಾಗಾದರೆ ನೀನೀಗ ಪೇಪರಿನಲ್ಲಿ ಬರೆಯುತ್ತಿರುವುದೇನು ಅಂತ ಕೇಳಬೇಡಿ. ಮಾತು ಕೊಟ್ಟವರು ಅವರಿಬ್ಬರು. ನಾನಾಗಲೇ ಸತ್ತಿದ್ದೆ. ಆದರೂ ಹೀರೋನ ಹೆಸರು ಹೇಳುವುದಿಲ್ಲ.)

ವರ್ಷಗಳು ಕಳೆದವು. ಆ ಪಿಕ್ಚರ್ ನಮ್ಮ ಊರಿಗೆ ಬರಲೇ ಇಲ್ಲ. ನಂಜ ಮಂಡಿಯಲ್ಲಿ ಕೂತು ಹೊಟ್ಟೆ ಬೆಳೆಸಿದ. ನಾನು ಅಂಕಣ ಬೆಳೆಸಿದೆ. ತಿಪ್ಪ ಮಾತ್ರ ಗರಡಿ ಬಿಡಲಿಲ್ಲ. ಕಲ್ಯಾಣದುರ್ಗದ ವಸ್ತಾದಿಗಳಿಗೆ, ಅಂದರೆ ಅವನ ಗುರುಗಳಿಗೆ, ವಯಸ್ಸಾಯಿತು. ಬರುವ ನಾಗರಪಂಚಮಿಗೆ ಗರಡಿಯನ್ನು ತಿಪ್ಪನ ಕೈಗೆ ಒಪ್ಪಿಸುತ್ತೇನೆ ಅಂತ ಊರಿಗೆಲ್ಲ ಹೇಳಿದ್ದರು. ತಿಪ್ಪನಿಗೆ ಹೆಂಡತಿ ಮಕ್ಕಳಿಗಿಂತ ಒಂದು ಗುಲಗಂಜಿ ಹೆಚ್ಚು ಆ ಗರಡಿ.

ಹೋದ ವಾರ ಕಲ್ಯಾಣದುರ್ಗದ ಬಸ್ ಕಂಡಕ್ಟರ್ ಒಬ್ಬ ಬೆಲ್ಲ ಕೊಳ್ಳೋಕೆ ಮಂಡಿಗೆ ಬಂದ. ನಾನೂ ಅಲ್ಲೇ ಹರಟುತ್ತಾ ಕೂತಿದ್ದೆ.

"ನಿಮ್ ತಿಪ್ಪೇಸ್ವಾಮಿ ಕಥೆ ಮುಗೀತು ಬಿಡಣ್ಣ" ಅಂದ. "ನಮ್ಮೂರ್ ಟೆಂಟಿಗೆ ಹಳೇ ಪಿಚ್ಚರ್ ಬಂದೈತೆ. ಪೌಡರ್ ಬಳ್ಕೊಂಡಿರೋ ಹೀರೋ ಎತ್ತಿ ಒಗೀತಾನೆ, ಇವ್ನು ಚಿತ್ ಆಗಿ ಬಿದ್ಬುಟ್ಟವ್ನೆ. ವಸ್ತಾದಿ ಕಿವಿಗೂ ಬಿತ್ತು. ನನ್ ಗರಡಿ ಮೆಟ್ಬೇಡ ಅಂದ್ಬುಟ್ರು."

"ತಿಪ್ಪ ಏನಂದ?" ಅಂತ ಕೇಳಿದೆ ನಾನು.

"ಬೀದೀಲಿ ಹೋದ್ರೆ ಹುಡುಗ್ರು ಈಪುಕಿ ಮನ್ನು, ಈಪುಕಿ ಮನ್ನು ಅಂತ ಕೂಗ್ತವೆ. ತೆಲುಗಲ್ಲಿ ಬೆನ್ನಿಗೆ ಮಣ್ಣು ಅಂತ. ತಲೆ ತಗ್ಗಿಸ್ಕೊಂಡು ಹೋಯ್ತಾನೆ." ಕಂಡಕ್ಟರ್ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡ. "ಇನ್ನೊಂದು ತಮಾಷೆ ಕಣಣ್ಣ. ಆ ಹೀರೋ ಕೆಡವಿದ್ದೂ ಅಲ್ದೆ, ಎಬ್ಬಿಸಿ ಬೆನ್ನು ಬೇರೆ ಒರೆಸ್ತಾನೆ, ಮಗೀಗೆ ಒರೆಸ್ದಂಗೆ."

ನಂಜ ತಕ್ಕಡಿ ಬಿಟ್ಟು ಎದ್ದು ನಿಂತ. "ಅದು ಉಳ್ಕೊಂಡೈತಾ?"

ಮಾರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿದ್ದೆವು. ದಾರಿಯುದ್ದಕ್ಕೂ ನಂಜ ಒಂದೇ ಮಾತು ಗೊಣಗುತ್ತಿದ್ದ. "ಎಬ್ಬಿಸ್ತೀನಿ ಅಂದಿದ್ದೆ ಕಣ್ಲಾ. ಎಬ್ಬಿಸ್ತೀನಿ ಅಂದಿದ್ದೆ."

ತಿಪ್ಪ ನಮ್ಮನ್ನು ನೋಡಿ ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಸಿಡುಕಿದ. "ಯಾಕ್ ಬಂದ್ರಿ? ಕೆಡವಿದ್ದು ನಾನು ಅಂತ ನಂಜ ಬಾಯಿ ಬಿಟ್ರೆ ಇವತ್ತಿಗೆ ನಮ್ ಸ್ನೇಹ ಕಡೀತು. ನೆಲ ಮುಟ್ಟಿ ಮಾತು ಕೊಟ್ಟಿದ್ದೀವಿ. ಗರಡಿ ಹೋದ್ರೆ ಹೋಗ್ಲಿ."

ಹೋದರೆ ಹೋಗಲಿ ಅಂದವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಇಂಥವನ ಜೊತೆ ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡಿದ್ದೇನೆ ಅನ್ನುವುದಕ್ಕಿಂತ ದೊಡ್ಡ ಪದವಿ ನನಗೆ ಬೇಕಾಗಿಲ್ಲ.

"ಬಾಯಿ ಬಿಡಾಕಿಲ್ಲ, ನಡೀಲಾ" ಅಂದ ನಂಜ.

ವಸ್ತಾದಿಗಳು ಗರಡಿಯ ಜಗುಲಿಯ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರ. ಮೈ ಒಣಗಿದ್ದರೂ ಕೂತ ಭಂಗಿ ಸಡಿಲವಾಗಿರಲಿಲ್ಲ. ತಿಪ್ಪ ಬೀದಿಯಲ್ಲೇ ನಿಂತ. ನಂಜ ಕಾಲಿಗೆ ಬಿದ್ದು, "ಯಜಮಾನ್ರೇ, ನಾ ಏನೂ ಹೇಳಂಗಿಲ್ಲ. ಒಂದ್ಸಲ ನೀವೇ ಬಂದು ಆ ಪಿಚ್ಚರ್ ನೋಡ್ಬೇಕು" ಅಂದ.

"ಬಣ್ಣ ಬಳ್ಕೊಂಡೋರ ಆಟ ನಾ ಯಾಕಪ್ಪ ನೋಡ್ಲಿ?"

"ನಿಮ್ ಶಿಷ್ಯ ಬಿದ್ದಿದ್ದನ್ನ ಊರೋರ ಕಣ್ಣಲ್ಲಿ ನೋಡಿದ್ದೀರಿ. ನಿಮ್ ಕಣ್ಣಲ್ಲಿ ನೋಡಿಲ್ಲ."

ಮುದುಕರು ಕೋಲಿಗೆ ಕೈ ಹಾಕಿದರು.

ವಸ್ತಾದಿ ಟೆಂಟಿಗೆ ಬರುತ್ತಾರಂತೆ ಅನ್ನುವ ಸುದ್ದಿಗೆ ಸಾಯಂಕಾಲದ ಶೋ ತುಂಬಿಹೋಯಿತು. ಅವರು ಪರದೆಗೆ ಹತ್ತಿರವಾಗಿ ನೆಲದಲ್ಲೇ ಕೂತರು. ಪಕ್ಕದಲ್ಲಿ ತಿಪ್ಪ, ಅಪರಾಧಿಯ ಹಾಗೆ. ಹಿಂದೆ ನಾವಿಬ್ಬರು. ಹೀರೋ ಹಾಡಿದ. ನಾನು ಸತ್ತೆ. (ಯಾರೂ ಮರುಗಲಿಲ್ಲ.) ಕೊನೆಗೆ ಕುಸ್ತಿ ಬಂತು.

ಜನ ಸಿಳ್ಳೆ ಹಾಕಿದರು. "ಈಪುಕಿ ಮನ್ನು" ಅಂತ ಹಿಂದಿನಿಂದ ಒಬ್ಬ ಕೂಗಿದ. ವಸ್ತಾದಿಗಳು ಪರದೆಯಿಂದ ಕಣ್ಣು ಕೀಳಲಿಲ್ಲ. ರಾಜಕುಮಾರ ಎತ್ತಿದ, ಒಗೆದ. ತಿಪ್ಪ ಅಂಗಾತ ಬಿದ್ದ.

ಪರದೆಯ ಮೇಲೆ ರಾಜಕುಮಾರ ಬಗ್ಗಿದ. ಕೈ ಕೊಟ್ಟ. ಎಬ್ಬಿಸಿದ. ಕುತ್ತಿಗೆಯಿಂದ ಸೊಂಟದ ತನಕ ಒರೆಸಿದ. ಜನ ಹೋ ಅಂತ ನಕ್ಕರು. ಅವನು ಅಂಗೈಯನ್ನು ಹಣೆಗೆ ಮುಟ್ಟಿಸಿಕೊಂಡ. ಮುಖ ಕಾಣಲಿಲ್ಲ, ಬೆನ್ನಷ್ಟೇ ಕಂಡಿತು. ರೀಲು ಮುಗಿಯಿತು. ರೀಲು ಬದಲಿಸುವುದಕ್ಕೆ ಲೈಟ್ ಹಾಕಿದರು.

ವಸ್ತಾದಿಗಳು ಹಿಂದಕ್ಕೆ ತಿರುಗಿದರು. ಹೊಟ್ಟೆ ಬಂದಿದ್ದರೂ ನಂಜನ ಹೆಗಲು ಪರದೆಯ ಮೇಲಿನ ಅದೇ ಹೆಗಲು. ಅದನ್ನೇ ನೋಡಿದರು. ನಂಜ ತಲೆ ತಗ್ಗಿಸಿದ.

"ಹಾಡೋನಿಗೆ ಬರೋ ವಿದ್ಯೆ ಅಲ್ಲ ಇದು" ಅಂದರು ಮುದುಕರು. "ಒರೆಸ್ದೋನು ಗರಡಿ ಮಣ್ಣಲ್ಲಿ ಬೆಳ್ದೋನು." ಯಾರು ಅಂತ ಕೇಳಲಿಲ್ಲ. ಕೇಳಿದರೆ ಯಾರದೋ ಮಾತು ಮುರಿಯುತ್ತದೆ ಅಂತ ಅವರಿಗೆ ಹೊಳೆದಿರಬೇಕು.

ಕೋಲೂರಿ ಎದ್ದರು. ತಿಪ್ಪನ ರಟ್ಟೆ ಹಿಡಿದು ಎಬ್ಬಿಸಿದರು. ಅವನ ಹೆಗಲ ಮೇಲಿನ ಟವೆಲ್ ತೆಗೆದು, ಅಂಗಿಯನ್ನು ಕುತ್ತಿಗೆಯವರೆಗೆ ಸರಿಸಿ, ಆ ಬೆನ್ನಿನ ಮೇಲೆ ಮೇಲಿಂದ ಕೆಳಗೆ ತಮ್ಮ ಅಂಗೈ ಎಳೆದರು. ಆಮೇಲೆ ಆ ಕೈಯನ್ನು ಲೈಟಿಗೆ ಹಿಡಿದು, ಕೂಗಿದವರಿಗೆಲ್ಲ ಕಾಣುವ ಹಾಗೆ ತೋರಿಸಿದರು.

"ನೋಡ್ರಪ್ಪ, ಎಲ್ಲೈತೆ ಮಣ್ಣು?"